ಒಂದು ದೀರ್ಘದ ಸೇಡು

ಮಾರ್ಚ್ 6, ಗುರುವಾರ. ಬೆಳಿಗ್ಗೆ 6.50

ಆರೂವರೆಗೆ ಅಲಾರಂ. ಮೊಣಕಾಲೂರಿ ಪ್ರಾರ್ಥನೆ. ಬಿಳಿ ಶರ್ಟಿಗೆ ಇಸ್ತ್ರಿ, ಕಾಲರಿಗೆ ಮಾತ್ರ. ಉಳಿದದ್ದು ಕೋಟಿನೊಳಗೆ, ಯಾರು ನೋಡುತ್ತಾರೆ. ಹೊಸಬ ಇನ್ನೂ ಬಚ್ಚಲಲ್ಲಿ ಹಾಡುತ್ತಿದ್ದಾನೆ.

ನಿನ್ನೆ ಸಂಜೆ ಸ್ಟೇಷನ್ನಿನಿಂದ ಕರೆತಂದೆ. ಎರಡು ಸೂಟ್‌ಕೇಸು, ಎದೆಯ ಮೇಲೆ ಹೊಳೆಯುವ ಕಪ್ಪು ಹೆಸರಿನ ಬಿಲ್ಲೆ. ಓದಿದೆ. ಮತ್ತೆ ಓದಿದೆ. ಅದೇ ಮನೆತನದ ಹೆಸರು. ಮುಖ ನೋಡಿದೆ — ಅದೇ ಮೂಗು. ಇವನು ಅವನ ತಮ್ಮ.

ನಮ್ಮ ಕ್ರೈಸ್ತ ಸಭೆಯ ಪ್ರಚಾರಕ್ಕೆ ಈ ದೇಶಕ್ಕೆ ಬಂದು ಇಪ್ಪತ್ತೊಂದು ತಿಂಗಳು. ‘ಮಾರ್ಮನ್ನರು ಬಂದರು’ ಅಂತ ಎಷ್ಟು ಜನ ಬಾಗಿಲು ಹಾಕಿಕೊಂಡರೋ. ಇನ್ನು ಮೂರು ತಿಂಗಳು, ಆಮೇಲೆ ಊರು. ಕೊನೆಯ ಕೆಲಸ ಈ ಹೊಸಬನಿಗೆ ತರಬೇತಿ, ಮಿಷನ್ ಅಧ್ಯಕ್ಷರ ಆದೇಶ. ನಮ್ಮಲ್ಲೊಂದು ತಮಾಷೆ ಇದೆ: ತರಬೇತಿ ಕೊಟ್ಟವನು ಅಪ್ಪ, ಪಡೆದವನು ಮಗ. ನನಗೆ ತರಬೇತಿ ಕೊಟ್ಟ ‘ಅಪ್ಪ’ ಇವನ ಅಣ್ಣ. ಅಂದರೆ ನನ್ನ ಮಗನೇ ನನಗೆ ಚಿಕ್ಕಪ್ಪ! ಇನ್ನು ಈ ಪುಸ್ತಕದಲ್ಲಿ ಇವನ ಹೆಸರು ಚಿಕ್ಕಪ್ಪ.

ಬರಲಿ. ದೇವರೇ ತಂದು ಕೈಗೆ ಕೊಟ್ಟಿದ್ದಾನೆ.

ಮಾರ್ಚ್ 8, ಶನಿವಾರ

ಅಣ್ಣ ನನ್ನ ಬಗ್ಗೆ ಏನು ಹೇಳಿದ್ದಾನೆ ಅಂತ ಕೇಳಿದೆ. ಏನೂ ಹೇಳಿಲ್ಲವಂತೆ. ಊರಿಗೆ ಬಂದ ಮೇಲೆ ಮಿಷನ್ನಿನ ಮಾತೇ ಎತ್ತುವುದಿಲ್ಲವಂತೆ.

ಯಾವ ಮುಖ ಇಟ್ಟುಕೊಂಡು ಎತ್ತುತ್ತಾನೆ. ಅಮ್ಮ ಆಸ್ಪತ್ರೆಯಲ್ಲಿದ್ದಳು. ಮನೆಗೆ ವಾರಕ್ಕೊಂದೇ ಫೋನ್, ಅದು ನಿಯಮ. ನಾನು ಮನೆ ಮಾಲೀಕರ ಫೋನಿನಿಂದ ದಿನಾ ಕದ್ದು ಮಾತಾಡುತ್ತಿದ್ದೆ, ಎರಡೇ ನಿಮಿಷ. ಅವನು ಸೋಮವಾರದ ಪತ್ರದಲ್ಲಿ ಅಧ್ಯಕ್ಷರಿಗೆ ಬರೆದ: ‘ಇವನ ಮನಸ್ಸು ಇಲ್ಲಿಲ್ಲ. ಬೇರೆ ಊರಿಗೆ ಹಾಕಿದರೆ ಒಳ್ಳೆಯದು.’ ಒಂದೇ ಮೇಜಿನಲ್ಲಿ ನನ್ನ ಎದುರೇ ಕೂತು, ನಗುನಗುತ್ತಾ ಬರೆದ. ಬುಧವಾರ ಅಧ್ಯಕ್ಷರು ಆ ಸಾಲು ಓದಿ ಹೇಳಿ ನನ್ನನ್ನು ಎತ್ತಂಗಡಿ ಮಾಡಿದರು. ಹೊಸ ಮನೆಯ ಫೋನಿಗೆ ಸಿಮ್ ಬಂದಿರಲಿಲ್ಲ. ಶುಕ್ರವಾರ ಅಮ್ಮ ಹೋದಳು. ನನಗೆ ತಿಳಿದದ್ದು ಭಾನುವಾರ. ಅಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ಕ್ಷಮೆಯ ಪಾಠ ಮನೆ ಮನೆಗೆ ನಾನೇ ಹೇಳುತ್ತೇನೆ. ಬಾಯಿಪಾಠ. ಬಾಯಿಯಿಂದ ಕೆಳಗಿಳಿದಿಲ್ಲ.

ಮಾರ್ಚ್ 12, ಬುಧವಾರ

ಚಿಕ್ಕಪ್ಪನ ಭಾಷೆ ನನ್ನ ಕೈಯಲ್ಲಿ. ನಾನು ಕಲಿಸಿದ್ದೇ ಕಲಿಯಬೇಕು.

ಇಲ್ಲಿನವರ ಭಾಷೆಯಲ್ಲೊಂದು ಪದವಿದೆ, ನಮ್ಮ ಹುಳು–ಹೂಳು ಇದ್ದ ಹಾಗೆ. ಹ್ರಸ್ವ ಅಂದರೆ ನೀರಿನಲ್ಲಿ ಮುಳುಗಿಸು. ದೀಕ್ಷಾಸ್ನಾನಕ್ಕೆ ನಾವು ಬಳಸುವುದು ಅದನ್ನೇ. ದೀರ್ಘ ಎಳೆದರೆ ಮಣ್ಣಿನಲ್ಲಿ ಹೂಳು. ಚಿಕ್ಕಪ್ಪನಿಗೆ ದೀರ್ಘ ಕಲಿಸಿದೆ. ಐವತ್ತು ಸಲ ಹೇಳಿಸಿದೆ. ಇನ್ನೂ ಸ್ವಲ್ಪ ಎಳಿ ಅಂದೆ. ಎಳೆದ, ಪಾಪ, ಕಣ್ಣು ಮುಚ್ಚಿಕೊಂಡು.

ಮಧ್ಯಾಹ್ನ ಪಂಕ್ಚರ್ ಅಂಗಡಿಯವನ ಮುಂದೆ ನಿಂತು ಕೈಕಟ್ಟಿ ವಿನಯದಿಂದ ಹೇಳಿದ: ನಾವು ನಿಮ್ಮನ್ನು ಹೂಳಲು ಬಂದಿದ್ದೇವೆ. ಅವನು ಸ್ಪ್ಯಾನರ್ ಎತ್ತಿಕೊಂಡ. ಎರಡು ಬೀದಿ ಓಡಿದೆವು. ನಾನು ಏನು ತಪ್ಪು ಮಾಡಿದೆ ಅಂತ ಕೇಳಿದ. ಇಲ್ಲಿನ ಜನ ಹಾಗೇ ಒರಟರು ಅಂದೆ. ಹೊಟ್ಟೆ ಹುಣ್ಣಾಗುವಷ್ಟು ನಗು, ಎಲ್ಲಾ ಒಳಗೊಳಗೇ.

ಮಾರ್ಚ್ 15, ಶನಿವಾರ

ಸೈಕಲ್ ಚೈನಿಗೆ ಸಿಕ್ಕಿ ಚಿಕ್ಕಪ್ಪನ ಪ್ಯಾಂಟು ಹರಿಯಿತು. ದರ್ಜಿ ಅಜ್ಜಿಯ ಅಂಗಡಿಗೆ ಹೋದೆವು. ರಸ್ತೆಯಿಂದ ನಾಲ್ಕು ಮೆಟ್ಟಿಲು ಕೆಳಗೆ, ಒಂದೇ ಕೋಣೆ, ಒಂದು ಮೆಷಿನ್ನು. ಕೊರಳಲ್ಲಿ ಟೇಪು, ತುಟಿಯ ನಡುವೆ ಗುಂಡುಸೂಜಿ. ಹಿಂದಿಲ್ಲ ಮುಂದಿಲ್ಲ, ಒಂಟಿ ಜೀವ. ನಾಲ್ಕು ಹೊಲಿಗೆ ಹಾಕಿ ಎದೆ ಹಿಡಿದು ಉಸಿರೆಳೆದುಕೊಳ್ಳುತ್ತಾಳೆ.

ಎಂಟು ತಿಂಗಳಿಂದ ಈ ಅಜ್ಜಿಗೆ ಪಾಠ ಹೇಳುತ್ತಿದ್ದೇನೆ. ಎಲ್ಲಾ ಕೇಳುತ್ತಾಳೆ, ಚಹಾ ಕೊಡಲು ಬರುತ್ತಾಳೆ, ನಾವು ಚಹಾ ಕುಡಿಯುವುದಿಲ್ಲ ಅಂತ ನೆನಪಾಗಿ ನೀರು ಕೊಡುತ್ತಾಳೆ, ದೀಕ್ಷೆಗೆ ಮಾತ್ರ ಬೇಡ ಅನ್ನುತ್ತಾಳೆ.

ಚಿಕ್ಕಪ್ಪ ತನ್ನ ವಾಕ್ಯ ಒಪ್ಪಿಸಿದ. ಮೆಷಿನ್ನು ನಿಂತಿತು. ಬೈಗುಳಕ್ಕೆ ಕಾದೆ. ಅಜ್ಜಿ ಬಾಯಿಂದ ಸೂಜಿ ತೆಗೆದಿಟ್ಟು ನಗತೊಡಗಿದಳು, ಕಣ್ಣಲ್ಲಿ ನೀರು ಬರುವಷ್ಟು. ನನ್ನ ಬಾಣ ಹುಸಿಹೋಯಿತು.

ಮಾರ್ಚ್ 21, ಶುಕ್ರವಾರ

ವಾರಕ್ಕೊಮ್ಮೆ ಜೊತೆಗಾರರಿಬ್ಬರೂ ಎದುರುಬದುರು ಕೂತು ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳಬೇಕು, ಅದೂ ನಿಯಮ. ಇವನು ಮನೆಯೊಳಗೆ ನನ್ನನ್ನು ಅಣ್ಣ ಅನ್ನುತ್ತಾನೆ. ಒಬ್ಬ ಅಣ್ಣ ಸಾಲದೇ ಇವನಿಗೆ.

“ಅಣ್ಣ, ನಿಮಗೆ ನನ್ನ ಮೇಲೆ ಏನಾದ್ರೂ ಕೋಪ ಇದ್ಯಾ?”

ಏನೂ ಇಲ್ಲ ಅಂದೆ. ನಿನಗೆ? ಇಲ್ಲ ಅಂದ. ಕೈಮುಗಿದು ಎದ್ದೆವು. ಎರಡು ದಿನದಿಂದ ಬಾಗಿಲುಗಳಲ್ಲಿ ಆ ಪದವನ್ನೇ ಬಿಟ್ಟಿದ್ದಾನೆ. ಹೆದರಿದ. ಹೆದರಲಿ.

ಮಾರ್ಚ್ 27, ಗುರುವಾರ

ತಲೆ ಸಿಡಿಯುತ್ತಿದೆ. ದರ್ಜಿ ಅಜ್ಜಿ ಒಪ್ಪಿದಳು!

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪನ ಕಡೆ ತಿರುಗಿ, ಹೂಳುತ್ತೀಯ ತಾನೇ ಅಂದಳು, ದೀರ್ಘ ಎಳೆದೇ. ಹೂಳುತ್ತೇವೆ ಅಂದ ಇವನು, ಅದೇ ದೀರ್ಘದಲ್ಲಿ. ಅಜ್ಜಿ ಕಪಾಟಿನಿಂದ ಮಡಿಸಿದ ಬಿಳಿ ಉಡುಪು ತೆಗೆದು ತೋರಿಸಿದಳು. ತನ್ನ ಕೊನೆಗೆ ತಾನೇ ಹೊಲಿದಿಟ್ಟುಕೊಂಡದ್ದು. ಉಡಿಸಿ ಹೂಳಲು ಯಾರೂ ಇಲ್ಲ ಅಂತ ವರ್ಷಗಟ್ಟಲೆ ಚಿಂತೆಯಾಗಿತ್ತಂತೆ. ಈಗ ನಿಶ್ಚಿಂತೆ. ನಿಮ್ಮ ನೀರಿಗೂ ಬರುತ್ತೇನೆ ಬಿಡಿ ಅಂದಳು.

ಎಂಟು ತಿಂಗಳು ಹುತ್ತ ಕಟ್ಟಿದ ಗೆದ್ದಲು ನಾನು. ಬಂದು ಸೇರಿಕೊಂಡ ಹಾವು ಇವನು. ನಾನು ತೋಡಿದ ಗುಂಡಿಯಲ್ಲಿ ಇವನಿಗೆ ನಿಧಿ ಸಿಕ್ಕಿತು.

ಅರ್ಥವೇ ಗೊತ್ತಿಲ್ಲದೆ ಮಾತು ಕೊಟ್ಟಿದ್ದಾನೆ, ಪೆದ್ದ. ಇದನ್ನು ಸುಮ್ಮನೆ ಬಿಡುವವನಲ್ಲ ನಾನು.

ಮಾರ್ಚ್ 31, ಸೋಮವಾರ

ಬಟ್ಟೆ ಒಗೆಯುವ ದಿನ, ಪತ್ರದ ದಿನ. ಅಧ್ಯಕ್ಷರಿಗೆ ಬರೆದೆ: ‘ಹೊಸಬ ಒಂಟಿ ಮುದುಕಿಯೊಬ್ಬಳಿಗೆ ಶವಸಂಸ್ಕಾರದ ಆಸೆ ತೋರಿಸಿ ದೀಕ್ಷೆಗೆ ಒಪ್ಪಿಸಿದ್ದಾನೆ. ಬೇರೆ ಊರಿಗೆ ಹಾಕಿದರೆ ಒಳ್ಳೆಯದು.’ ಕೊನೆಯ ವಾಕ್ಯ ಅವನಣ್ಣನದೇ, ಪದಕ್ಕೆ ಪದ.

ಚಿಕ್ಕಪ್ಪ ಮೇಜಿನ ಆಚೆ ಬದಿಯಲ್ಲಿ ತನ್ನ ಪತ್ರ ಬರೆಯುತ್ತಿದ್ದ. ತಲೆಯೆತ್ತಿದಾಗ ನಕ್ಕೆ. ಅವನೂ ನಕ್ಕ. ಅವನ ಬಿಸ್ಕತ್ತಿನಲ್ಲಿ ಅರ್ಧ ಮುರಿದು ಕೊಟ್ಟ. ತಿಂದೆ.

ಏಪ್ರಿಲ್ 2, ಬುಧವಾರ

ಬೆಳಿಗ್ಗೆ ಫೋನ್ ಬಂತು. ಮಧ್ಯಾಹ್ನದ ರೈಲಿಗೆ ಹೊರಡಬೇಕು ಅಂತ. ಯಾಕೆ ಅಂತ ಕೇಳುತ್ತಾನೆ, ಅಳುತ್ತಾನೆ, ಆಗ ಎಲ್ಲಾ ಹೇಳಬೇಕು ಅಂತ ಮಾತು ಜೋಡಿಸಿಟ್ಟುಕೊಂಡಿದ್ದೆ. ಕೇಳಲೇ ಇಲ್ಲ. ಶರ್ಟು ಮಡಿಸಿದ, ಸೂಟ್‌ಕೇಸ್ ಮುಚ್ಚಿದ. ಸ್ಟೇಷನ್ನಿನಲ್ಲಿ ಒಂದೇ ಮಾತು.

“ಅಜ್ಜಿ ಹತ್ರ ಹೋಗ್ತಾ ಇರಿ ಅಣ್ಣ. ಮಾತು ಕೊಟ್ಟಿದ್ದೀನಿ.”

ಪಕ್ಕದ ಊರಿನ ಜೋಡಿ ನನ್ನನ್ನು ಮನೆಗೆ ತಂದು ಬಿಟ್ಟಿತು. ಹೊಸ ಜೊತೆಗಾರ ನಾಳೆ ಸಂಜೆ ಬರುತ್ತಾನೆ. ಅಲ್ಲಿಯವರೆಗೆ ಒಬ್ಬನೇ ಹೊಸ್ತಿಲು ದಾಟುವಂತಿಲ್ಲ. ದಾಟಿದರೆ ಮಿಷನ್ ಮುಗಿಯಿತು, ನೇರ ಊರಿಗೆ. ಎರಡು ವರ್ಷ ನೀರಿನಲ್ಲಿ ಹೋಮ.

ಹಾಲು ಕುಡಿದಷ್ಟು ಸಂತೋಷ. ನಿಜವಾಗಿ. ಒಬ್ಬನೇ ಊಟ ಮಾಡಿದೆ. ಉಪ್ಪು ಹೆಚ್ಚಾಗಿತ್ತು, ಆದರೂ ಮುಗಿಸಿದೆ.

ಏಪ್ರಿಲ್ 3, ಗುರುವಾರ. ಬೆಳಿಗ್ಗೆ 11.40

ದರ್ಜಿ ಅಜ್ಜಿ ಬಂದಿದ್ದಾಳೆ. ಹೆಂಗಸರನ್ನು ಒಳಗೆ ಕರೆಯುವಂತಿಲ್ಲ. ಅವಳು ಮೆಟ್ಟಿಲ ಮೇಲೆ, ನಾನು ಹೊಸ್ತಿಲ ಒಳಗೆ. ಕೈಯಲ್ಲಿ ಆಸ್ಪತ್ರೆಯ ಫಾರಂ. ನಾಳೆ ಎದೆಯ ಆಪರೇಷನ್. ಹೆಚ್ಚುಕಡಿಮೆಯಾದರೆ ದೇಹ ಯಾರ ವಶಕ್ಕೆ ಅಂತ ಬರೆದು, ಆ ಮನುಷ್ಯ ಇವತ್ತೇ ಬಂದು ಗುಮಾಸ್ತರ ಎದುರು ಸಹಿ ಹಾಕಬೇಕು. ಚಿಕ್ಕವನು ಎಲ್ಲಿ ಅಂತ ಕೇಳಿದಳು.

ಹೋದ ಅಂದೆ. ಆಮೇಲೆ ಎಲ್ಲಾ ಹೇಳಿಬಿಟ್ಟೆ. ಪದ ತಪ್ಪು, ಬೇಕೆಂದೇ ಕಲಿಸಿದ್ದು ನಾನು, ಅವನಿಗೆ ಅರ್ಥವೇ ಗೊತ್ತಿರಲಿಲ್ಲ, ಆ ಮಾತು ಮಾತೇ ಅಲ್ಲ.

“ನನ್ನ ಭಾಷೆ ನನಗೆ ಗೊತ್ತಿಲ್ವೇನಪ್ಪ? ಮೊದಲ ದಿನ ಅದಕ್ಕೇ ನಕ್ಕಿದ್ದು. ಪ್ಯಾಂಟು ತಗೊಂಡು ಹೋಗೋಕೆ ಬಂದಾಗ, ನೀನು ಹೊರಗೆ ಸೈಕಲ್ಲಿಗೆ ಗಾಳಿ ಹೊಡೀತಿದ್ದೆ ನೋಡು, ಆಗ ಡಿಕ್ಷನರಿ ತೆಗೆದು ತೋರಿಸ್ದ, ತಪ್ಪಾಯ್ತು ಅಜ್ಜಿ ಅಂತ. ತಪ್ಪಾಗಿದ್ರೆ ಇರಲಿ, ಹೂಳ್ತೀಯಾ ಹೇಳು ಅಂದೆ. ಡಿಕ್ಷನರಿ ಮುಚ್ಚಿ ಜೇಬಿಗೆ ಹಾಕ್ಕೊಂಡ. ಆಮೇಲೆ ಹೂಂ ಅಂದ.”

ಯಾರು ಹೀಗೆ ಕಲಿಸಿದ್ದು ಅಂತ ಕೇಳಿದಳಂತೆ. ನಾನೇ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಅಂದನಂತೆ.

ಗೊತ್ತಿತ್ತು ಅವನಿಗೆ. ಶುಕ್ರವಾರ ಎದುರು ಕೂತು ಕೇಳಿದಾಗಲೂ ಗೊತ್ತಿತ್ತು. ಆಮೇಲೆ ಎರಡು ಸೋಮವಾರ ಪತ್ರ ಬರೆದ, ನನ್ನ ಹೆಸರು ಎತ್ತಲಿಲ್ಲ. ಎತ್ತಿದ್ದರೆ ನಿನ್ನೆ ರೈಲು ಹತ್ತುತ್ತಿದ್ದವನು ನಾನು. ಅವನಣ್ಣ ಬರೆದ, ನಾನು ಬರೆದೆ, ಇವನು ಬರೆಯಲಿಲ್ಲ. ಕೋಪ ಇನ್ನೂ ಕುದಿಯುತ್ತಿದೆ. ಯಾರ ಮೇಲೆ ಅಂತ ಗೊತ್ತಿಲ್ಲ. — ಸುಳ್ಳು. ಗೊತ್ತಿದೆ.

ಪೆನ್ನು ತರುತ್ತೇನೆ ಅಂತ ಫಾರಂ ಹಿಡಿದು ಒಳಗೆ ಬಂದು ಇದನ್ನು ಬರೆಯುತ್ತಾ ಕೂತಿದ್ದೇನೆ. ಫಾರಂ ಮೇಲೆ ಹೆಸರು ಬರೆದೆ, ನನ್ನದು. ‘ರೋಗಿಗೆ ಸಂಬಂಧ’ ಅನ್ನುವ ಗೆರೆ ಖಾಲಿ. ಆಸ್ಪತ್ರೆಗೆ ಬಸ್ಸು ಹನ್ನೆರಡಕ್ಕೆ. ಕರೆಯುತ್ತಿದ್ದಾಳೆ. ‘ಬಂದೆ ಅಮ್ಮ’ ಅಂದುಬಿಟ್ಟೆ, ಕನ್ನಡದಲ್ಲಿ. ಅರ್ಥವಾಯಿತೇನೋ, ಮೆಟ್ಟಿಲಿಂದ ಎದ್ದ ಸದ್ದು. ಷೂ ಒಂದು ಸಿಕ್ಕಿತು. ಇನ್ನೊಂದು ಮಂಚದ ಕೆಳ—