ಪಿಂಡಕ್ಕೆ ಬಾರದ ಕಾಗೆಗಳು

ಹಾವೇರಿ,
ತಾ. ೨೭-೯-೧೯೪೬

ಚಿರಂಜೀವಿ ಬಾಳಕೃಷ್ಣನಿಗೆ ಅಕ್ಕನ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಪುಣೆಯ ಮಳೆಗೆ ನಿನ್ನ ಕೆಮ್ಮು ಮತ್ತೆ ಎದ್ದಿಲ್ಲವಷ್ಟೆ? ನಲಿನಿ ಆರಾಮವಾಗಿದ್ದಾಳೆಯೇ? ಬೇರೆ ಜಾತಿಯವಳೆಂದು ಕಾಕಾ ಇನ್ನೂ ಮುಖ ಗಂಟಿಕ್ಕುತ್ತಾರೆ. ನನಗಂತೂ ಅವಳು ತಮ್ಮನ ಹೆಂಡತಿ, ಮುಗಿಯಿತು. ಅವಳಿಗೆಂದು ಬ್ಯಾಡಗಿಯಿಂದ ಖಾರದ ಪುಡಿ ತಂದಿಟ್ಟಿದ್ದೇನೆ.

ಗಳಗನಾಥದ ಹೊಳೆದಂಡೆಯಿಂದ ನೀನು ಮನೆಗೂ ಬಾರದೆ ಹಾಗೇ ತಿರುಗಿ ಹೋದದ್ದು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿದೆ. ಅಂದು ಅಪ್ಪನ ಹತ್ತನೆಯ ದಿನ. ಜಾತಿ ಕೆಟ್ಟವನೆಂದು ನಿನ್ನನ್ನು ದೂರ ನಿಲ್ಲಿಸಿ ಕಾಕಾ ತಾವೇ ಕ್ರಿಯೆಗೆ ಕೂತಿದ್ದರು. ಪಿಂಡ ಇಟ್ಟು ಎಷ್ಟು ಕಾದರೂ ಒಂದು ಕಾಗೆಯೂ ಇಳಿಯಲಿಲ್ಲ. ಅಪ್ಪನಿಗೆ ಏನೋ ಆಸೆ ಉಳಿದಿದೆ ಎಂದು, ಅವ್ವನ ಕಡೆ ನೋಡಿ "ವೈನೀನ ನಾ ನೋಡ್ಕೋತೀನಿ", "ಹೊಲ ಮಾರೂದಿಲ್ಲ" ಎಂದು ಕಾಕಾ ಮಾತು ಕೊಡುತ್ತ ಹೋದರು. ಕಡೆಗೆ ನಿನ್ನ ಕಡೆ ಬೆರಳು ಮಾಡಿ, "ಅಣ್ಣನ ಸಿಟ್ಟು ಇವನ ಮ್ಯಾಲೆ ಅದ. ಇವನ್ನ ಹೊಸ್ತಿಲಾ ತುಳಿಸೂದಿಲ್ಲ, ಬಂದು ಮುಟ್ಟು!" ಎಂದರು. ಆಗಲಾದರೂ ಬಂತೇ? ಭಟ್ಟರು ದರ್ಭೆಯ ಕಾಗೆ ಮಾಡಿ ಮುಟ್ಟಿಸಬೇಕಾಯಿತು. ಹುಚ್ಚಪ್ಪಾ, ಆ ಮಾತಿಗೂ ಕಾಗೆ ಬರಲಿಲ್ಲ ಎಂಬುದನ್ನು ನೀನು ನೋಡಲೇ ಇಲ್ಲ, ಬೈಗಳಷ್ಟನ್ನೇ ಕಟ್ಟಿಕೊಂಡು ಹೋದೆ.

ಈಗ ಕೇಳು. ಪಿತೃಪಕ್ಷದಲ್ಲಿ ನಮ್ಮ ಮಾವನವರ ಶ್ರಾದ್ಧಕ್ಕೆ ಬ್ಯಾಡಗಿಗೆ ಹೋಗಿದ್ದೆ. ಎಡೆ ಇಟ್ಟು ಕರೆದು ಕರೆದು ಗಂಟಲು ಹರಿಯಿತು, ಕಾಗೆ ಇಲ್ಲ. ಪಕ್ಕದ ಮನೆಗೂ ಇಲ್ಲ. ಇಲ್ಲಿಗೆ ಬಂದು ವಿಚಾರಿಸಿದರೆ ಹಾವೇರಿಯಲ್ಲೂ ಅದೇ ಗೋಳು. ರಾಣೇಬೆನ್ನೂರಿನ ನಮ್ಮ ಗೋದೂಬಾಯಿ ಅತ್ತೆ ಎಡೆಯನ್ನು ಆಕಳಿಗೆ ತಿನ್ನಿಸಿ ಮುಗಿಸಿದರಂತೆ. ಕಾಕಾ ಅವರನ್ನು ನೇರವಾಗಿ ಕೇಳಿಬಿಟ್ಟೆ: "ಮೂರೂ ಊರಿನ ಹಿರ್ಯಾರು ನಮ್ಮ ಬಾಳೂನ ಮ್ಯಾಲೇ ಸಿಟ್ಟಾಗ್ಯಾರೇನ್ರಿ ಕಾಕಾ?" ಅವರು ಅಡಕೊತ್ತು ಹುಡುಕುವ ನೆವ ಮಾಡಿ ಒಳಗೆ ಹೋದರು.

ಆಮೇಲೆ ಒಂದೊಂದೇ ನೆನಪಾಯಿತು. ಅಪ್ಪ ಹಾಸಿಗೆ ಹಿಡಿಯುವ ಮೊದಲೇ ಹಿತ್ತಲ ಬೇವಿನ ಕೆಳಗೆ ಕಾಗೆಗಳು ಕುತ್ತಿಗೆ ತಿರುಚಿಕೊಂಡು ಬೀಳುತ್ತಿದ್ದವು. ಗುಡಿಸಿ ಹಾಕಿ ಸುಮ್ಮನಾದೆವು. ಮುಂದೆ ನಮ್ಮ ಟಾಂಗಾದ ಕುದುರೆ ಹಿಂಗಾಲು ಎಳೆಯುತ್ತ ನೆಲ ಹಿಡಿಯಿತು. ದೃಷ್ಟಿಯೆಂದು ಮೆಣಸಿನಕಾಯಿ ನಿವಾಳಿಸಿದೆವು. ಅದರ ಹಿಂದೆಯೇ ಅಪ್ಪನಿಗೆ ಜ್ವರ ಬಂದು ಮೈಮೇಲೆ ಎಚ್ಚರವಿಲ್ಲದಂತಾಯಿತು. ಅವರಿಗೆ ಔಷಧ ಕೊಟ್ಟ ಡಾಕ್ಟರ್ ಮಹಮ್ಮದ್ ಹನೀಫರಿಗೆ ಇದೆಲ್ಲ ಹೇಳಿದೆ. "ಖಾತ್ರಿ ಹೇಳಾಕ ಬರೂದಿಲ್ರಿ ಅಕ್ಕಾರ. ಹಕ್ಕಿಗೆ ಕಡದ ಸೊಳ್ಳಿನ ಕುದುರಿಗೂ ಮನಶ್ಯಾರಿಗೂ ಕಡದು ಇಂಥಾ ಬ್ಯಾನಿ ಹಬ್ಬಸ್ತಾವಂತ, ಪರದೇಶದ ಸುದ್ದಿ ಓದೇನಿ," ಎಂದರು. ಅಪ್ಪನಿಗೂ ಕಾಗೆಗಳಿಗೂ ಬಂದದ್ದು ಒಂದೇ ಬೇನೆ ಇರಬೇಕು, ಬಾಳೂ. ಬರುವುದಕ್ಕೆ ಕಾಗೆಗಳೇ ಉಳಿದಿರಲಿಲ್ಲ. ಅಪ್ಪ ನಿನ್ನನ್ನು ಶಪಿಸಿ ಹೋಗಲಿಲ್ಲ. ಇದನ್ನು ಬರೆಯುವಾಗ ನನಗೆ ಅಳು ಬರುತ್ತಿದೆ. ನೀನೂ ಒಮ್ಮೆ ಅತ್ತುಬಿಡು, ಮನಸ್ಸು ಹಗುರಾದೀತು.

ಇಲ್ಲಿ ಈಗ ಸಂಜೆಯಾದರೆ ಬೇವಿನ ಸೊಪ್ಪಿನ ಹೊಗೆ ಹಾಕುತ್ತೇವೆ. ನೀವೂ ಸೊಳ್ಳೆ ಪರದೆ ಕಟ್ಟಿಕೊಂಡೇ ಮಲಗಿರಿ, ಸೆಕೆ ಎಂದು ತೆಗೆದೊಗೆಯಬೇಡ. ಕದರಮಂಡಲಗಿ ಹನುಮಪ್ಪ ನಿಮ್ಮಿಬ್ಬರನ್ನೂ ಕಾಯಲಿ. ನಲಿನಿಗೆ ನನ್ನ ಆಶೀರ್ವಾದ ಹೇಳು.

ನಿನ್ನ ಅಕ್ಕ,
ಸುಲಭಾ

ತಾ.ಕ.: ಅವ್ವನಿಗೂ ನಿನ್ನೆಯಿಂದ ಜ್ವರ. ಇದನ್ನು ಕಾಗದದ ಮೊದಲಿಗೇ ಬರೆದಿದ್ದರೆ ಉಳಿದದ್ದು ನಿನ್ನ ತಲೆಗೆ ಹೋಗುತ್ತಿರಲಿಲ್ಲ. ತಾರು ಕಳಿಸಿದರೆ ಎದೆ ಒಡೆದುಕೊಳ್ಳುತ್ತೀ ಎಂದು ಕಳಿಸಲಿಲ್ಲ. ಅವ್ವನಿಗೆ ಎಚ್ಚರವಿದೆ, ಗಂಜಿ ಕುಡಿದಳು, ಡಾಕ್ಟರು ಬಂದು ಹೋಗುತ್ತಿದ್ದಾರೆ. ಕಾಕಾ ಮತ್ತೆ ಹಳೆಯ ರಾಗ ತೆಗೆದಾಗ ಮಲಗಿದಲ್ಲಿಂದಲೇ ಅಂದಳು: "ಕಾಗಿ ಮುಟ್ಟಲಿ ಬಿಡಲಿ, ನನ್ನ ಮಗಾ ಸೊಸಿ ಬಂದು ನನ್ನ ಕೈ ಹಿಡೀಲಿ." ನಲಿನಿಯನ್ನೂ ಕರೆದುಕೊಂಡು ಸಿಕ್ಕ ಗಾಡಿಗೆ ಹೊರಡು. ಬಾಗಿಲಲ್ಲಿ ನಾನಿರುತ್ತೇನೆ.