ಕೋಟಿನೊಳಗೆ ಎರಡು ಬೆರಳು ಬಟ್ಟೆ

ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ಮುದ್ದಿನ ಪುಟ್ಟೀ,

ನೀನು ಹೇಳಿಕೊಡುವ ಹೊಲಿಗೆ ತರಗತಿಯ ಮೊದಲ ಪಾಠಕ್ಕೆ ‘ಸೋ’ (sew) ಎಂಬ ಇಂಗ್ಲಿಷ್ ಪದದ ಅರ್ಥ ಮತ್ತು ಮೂಲ ಬೇಕೆಂದು ನೀನು ಬರೆದಿದ್ದೆ. ಕಾಲೇಜಿನಲ್ಲಿ ಇಂಗ್ಲಿಷ್ ಓದಿದ ಅಪ್ಪ ಇರುವಾಗ ಬೇರೆಯವರನ್ನು ಯಾಕೆ ಕೇಳಲಿ ಎಂದಿದ್ದೆ. ಆ ಒಂದು ಮಾತಿಗೆ ವಾರವೆಲ್ಲ ಎದೆಯುಬ್ಬಿಸಿಕೊಂಡು ಓಡಾಡಿದ್ದೇನೆ. ನನಗೂ ನಿನ್ನನ್ನು ಒಂದು ಮಾತು ಕೇಳುವುದಿದೆ. ನಿನ್ನ ಒಪ್ಪಿಗೆ ಬೇಕಾದ ಮಾತು. ಧೈರ್ಯ ಸಾಲದೆ ಮೊದಲು ಪಾಠ ಮುಗಿಸುತ್ತೇನೆ.

ಸೋ, ಸೋಡ್, ಸೋನ್. ನೋಡು, ಮೂರೂ ರೂಪ ಇನ್ನೂ ನಾಲಿಗೆಯ ಮೇಲಿವೆ. ಅರ್ಥ ಸುಲಭ: ಸೂಜಿದಾರದಿಂದ ಒಂದಕ್ಕೊಂದು ಸೇರಿಸುವುದು. ಮೂಲದ ಹತ್ತಿರ ಬಂದಾಗ ಮಾತ್ರ ನನ್ನ ಕಾಲೇಜು ಕೈಕೊಟ್ಟಿತು. ವಾಚನಾಲಯಕ್ಕೆ ಹೋಗಿ ದಪ್ಪ ನಿಘಂಟು ತೆರೆದೆ. ಬಲು ಹಳೆಯ ಪದವಂತೆ. ದಾರಕ್ಕೆ ‘ಸೂತ್ರ’ ಅನ್ನುತ್ತಾರಲ್ಲ, ಅದೂ ಇದೂ ಒಂದೇ ಬೇರಿನವು. ಗಾಯಕ್ಕೆ ಹಾಕುವ ಹೊಲಿಗೆಗೆ ಡಾಕ್ಟರು ‘ಸೂಚರ್’ ಅನ್ನುವುದೂ ಅದೇ ಬಳಗ, ಲ್ಯಾಟಿನ್ ಮನೆಯಲ್ಲಿ ಬೆಳೆದದ್ದು. ಯಾವುದೋ ಕಾಲದಲ್ಲಿ ಒಟ್ಟಿಗಿದ್ದವರು ದಿಕ್ಕಿಗೊಬ್ಬರಾಗಿ ಹೋದರೂ ಹೊಲಿಯುವ ಮಾತನ್ನು ಮಾತ್ರ ಗಂಟು ಕಟ್ಟಿಕೊಂಡೇ ಹೋಗಿದ್ದಾರೆ. ಇಷ್ಟನ್ನು ಹಲಗೆಯ ಮೇಲೆ ಬರೆ, ಸಾಕು.

ಇದನ್ನು ಯಾರಿಗಾದರೂ ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬಿಹೋಗುತ್ತಿತ್ತು. ಅಂಚೆ ಕಚೇರಿಯ ಎದುರಿಗಿರುವ ಟೈಲರಮ್ಮನ ಅಂಗಡಿಗೆ ಹೋಗಿ ಹೇಳಿದೆ. ಆಕೆ ಗುಂಡುಸೂಜಿ ಬಾಯಲ್ಲಿ ಕಚ್ಚಿಕೊಂಡೇ ಪೂರ್ತಿ ಕೇಳಿದರು. ಆಮೇಲೆ ಸೂಜಿ ತೆಗೆದು, ಪದಗಳೆಲ್ಲ ನೆಂಟರು ಅನ್ನೋದು ಸರಿ ಸರ್, ನಿಮ್ಮ ಅಂಗಿ ಗುಂಡಿ ಮಾತ್ರ ಯಾಕೆ ವಾರ ವಾರ ಉದುರ್ತಿತ್ತು ಅಂತ ಆ ಪುಸ್ತಕದಲ್ಲಿ ಬರೆದಿಲ್ವಾ ಅಂದರು.

ಗುಂಡಿಯ ವಿಷಯ ನಿನಗೆ ಹೇಳಿಲ್ಲ. ಅಮ್ಮ ಹೋದ ಮೇಲೆ, ಒಂದು ಗುಂಡಿ ಹಾಕ್ಕೊಳ್ಳೋಕೂ ಬರಲ್ಲ ನಿಂಗೆ, ನಮ್ಮನೆಗೇ ಬಂದುಬಿಡು ಅಂತ ಗದರುತ್ತಿದ್ದೆಯಲ್ಲ. ಮೊದಲ ಗುಂಡಿ ತಾನಾಗಿಯೇ ಬಿತ್ತು, ಅವರ ಅಂಗಡಿಗೆ ಹೋದೆ. ಎರಡನೆಯದು ಬೀಳುವ ಹಾಗೆ ಕಾಣಲಿಲ್ಲ. ನಾನೇ ಕತ್ತರಿಸಿದೆ. ಆಮೇಲಿನವೂ ಹಾಗೆಯೇ. ಆಕೆಗೆ ಮೊದಲೇ ಗೊತ್ತಾಗಿತ್ತಂತೆ. ಕೆಲವು ತಿಂಗಳ ಹಿಂದೆ ಒಂದು ದಿನ, ಸವೆದು ಬಿದ್ದಿದ್ರೆ ದಾರ ನೂಲು ನೂಲಾಗಿರುತ್ತೆ, ಇದಕ್ಕೆ ಕತ್ತರಿ ಬಿದ್ದಿದೆ, ಪಾಪ ಗುಂಡಿ ಏನು ಮಾಡಿತ್ತು ನಿಮಗೆ, ಸುಮ್ನೆ ಬನ್ನಿ, ಸ್ಟೂಲು ಖಾಲಿನೇ ಇರುತ್ತೆ ಅಂದರು. ಐ ಯಾಮ್ ವೆರಿ ಸಾರಿ ಎಂದೆ. ಇಂಗ್ಲಿಷಿನಲ್ಲಿ ನಾಚಿಕೆ ಸ್ವಲ್ಪ ಕಡಿಮೆ.

ಆಕೆಯ ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಅಂಗಡಿಯ ಮೇಲೊಂದು ಕೋಣೆ, ಕಿಟಕಿಯಲ್ಲಿ ಹೊರಕ್ಕೆ ಇಳಿಬೀಳುವಷ್ಟು ಬೆಳೆದ ಒಂದು ಬಳ್ಳಿ, ಅಷ್ಟೇ ಸಂಸಾರ. ಪುಟ್ಟೀ, ಸುತ್ತಿ ಬಳಸಿ ಹೇಳಿ ಸಾಕಾಯಿತು. ನಾವಿಬ್ಬರೂ ಮದುವೆಯಾಗಬೇಕೆಂದಿದ್ದೇವೆ. ಕೇಳಿದವನು ನಾನು. ಆಕೆ ಹೇಳಿದ್ದು ಒಂದೇ ಮಾತು: ಮೊದಲು ಮಗಳನ್ನ ಕೇಳಿ, ಅವಳ ಮುಖ ಸಣ್ಣದಾಗೋದಾದ್ರೆ ನನಗೆ ಬೇಡ.

ಮದುವೆಯ ದಿನಕ್ಕೆಂದು ನನ್ನ ಹಳೆಯ ಕಂದು ಕೋಟನ್ನು ಹೊರತೆಗೆದೆ. ನೀನು ಶಾಲೆಗೆ ಹೋಗುತ್ತಿದ್ದಾಗ ನಿಮ್ಮಮ್ಮ ಹೊಲಿದದ್ದು. ಈಗ ಗುಂಡಿ ಹಾಕಿದರೆ ಉಸಿರು ನಿಲ್ಲುತ್ತದೆ. ಟೈಲರಮ್ಮ ಪಕ್ಕದ ಹೊಲಿಗೆ ಬಿಚ್ಚಿ ನೋಡಿದರೆ, ಒಳಗೆ ಎರಡೂ ಕಡೆ ಎರಡೆರಡು ಬೆರಳು ಅಗಲದ ಹೆಚ್ಚುವರಿ ಬಟ್ಟೆ ಮಡಿಸಿಟ್ಟಿದೆ. ಹೊಲಿಯುವಾಗ ನಿಮ್ಮಮ್ಮ, ನೀವು ದಪ್ಪ ಆಗೋರೇ, ಇರಲಿ ಅಂತ ನಕ್ಕಿದ್ದು ಥಟ್ಟನೆ ನೆನಪಾಯಿತು. ಒಳಗಿನ ಬಟ್ಟೆ ಬಿಸಿಲು ಕಾಣದೆ ಹೊಸದರಂತೆಯೇ ಇತ್ತು. ಟೈಲರಮ್ಮ ಅದರ ಮೇಲೆ ಬೆರಳಾಡಿಸಿ, ಅಕ್ಕ ಜಾಗ ಬಿಟ್ಟೇ ಹೋಗಿದ್ದಾರೆ ಸರ್ ಅಂದರು. ನಾನು ಕನ್ನಡಕ ಒರೆಸಿಕೊಂಡೆ.

ಭುಜದಲ್ಲಿ ನಿಮ್ಮಮ್ಮನ ಹೊಲಿಗೆ ಹಾಗೆಯೇ ಇದೆ, ಟೈಲರಮ್ಮ ಅದನ್ನು ಮುಟ್ಟಿಲ್ಲ. ಪಕ್ಕಗಳಿಗೆ ಮಾತ್ರ ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ ಗೂಟಕ್ಕೆ ನೇತುಹಾಕಿದ್ದಾರೆ. ಮಗಳು ಹೂಂ ಅಂದ ಮೇಲೆಯೇ ಮಿಷನ್ನಿಗೆ ಕೊಡುತ್ತಾರಂತೆ. ನೀನು ಬೇಡ ಎಂದರೆ ದಾರ ಎಳೆದರಾಯಿತು, ಬಟ್ಟೆಗೆ ಏನೂ ಆಗುವುದಿಲ್ಲ. ನನಗೆ ಏನೂ ಆಗುವುದಿಲ್ಲ ಎಂದು ಸುಳ್ಳು ಹೇಳಲಾರೆ. ಹೂಂ ಎಂದರೆ ಉದ್ದ ಪತ್ರ ಬೇಡ, ಅಳತೆಗೆ ನಿನ್ನ ಹಳೆಯ ಅಂಗಿಯೊಂದನ್ನು ಕಳಿಸು. ನಿನಗೆಂದು ಆಕೆ ನೀಲಿ ಬಟ್ಟೆ ಆಗಲೇ ತೆಗೆದಿಟ್ಟಿದ್ದಾರೆ. ಕತ್ತರಿ ಹಾಕಿಲ್ಲ.

ಅಂಚೆಯವನ ಗಂಟೆಗೆ ಕಿವಿಗೊಟ್ಟು ಕೂತಿರುವ,
ನಿನ್ನ ಅಪ್ಪ

ತಾ.ಕ.: ಈ ಪತ್ರ ಬರೆಯುವಾಗ ಅಂಗಿಯ ತೋಳಿನ ಗುಂಡಿ ನಿಜವಾಗಿಯೂ ಉದುರಿ ಮೇಜಿನ ಕೆಳಗೆ ಉರುಳಿತು. ಹುಡುಕಿ ತಂದು ನಾನೇ ಹೊಲಿದುಕೊಂಡೆ. ಸ್ವಲ್ಪ ಸೊಟ್ಟಗಿದೆ, ಆದರೆ ಎಳೆದರೂ ಬರುವುದಿಲ್ಲ. ಆಕೆ ಹೇಳಿಕೊಟ್ಟು ತಿಂಗಳಾಯಿತು. ಹಾಗಾದರೆ ದಿನಾ ಸಂಜೆ ಅಲ್ಲಿಗೆ ಯಾಕೆ ಹೋಗುತ್ತೀಯ ಎಂದು ನೀನು ಇನ್ನು ಕೇಳಲಾರೆ ಅಂದುಕೊಂಡಿದ್ದೇನೆ.