ಖಾಲಿ ಬಿಟ್ಟ ವೃತ್ತಗಳು

ಬ್ರೂಕ್ಲಿನ್
ಭಾನುವಾರ, ೧೭ ಸೆಪ್ಟೆಂಬರ್ ೨೦೨೩

ಪ್ರೀತಿಯ ರೊಶೆಲ್,

ನಿನ್ನ ಪತ್ರ ತಲುಪಿ ಹನ್ನೊಂದು ದಿನಗಳಾದವು. ಮೂರು ಬಾರಿ ಉತ್ತರ ಬರೆದು ಹರಿದೆ. ಮೂರರಲ್ಲಿಯೂ ವಾಕ್ಯಗಳು ಶುದ್ಧವಾಗಿದ್ದವು. ಸತ್ಯ ಮಾತ್ರ ಇರಲಿಲ್ಲ.

ತರಗತಿಗೇ ಮೊದಲಿಗಳಾದ ನಿನ್ನ ಮಗಳು ನೈಲಾ, ಕಳೆದ ವರ್ಷದ ಪ್ರವೇಶ ಪರೀಕ್ಷೆಯಲ್ಲಿ ಮೂರೇ ಅಂಕಗಳಿಂದ, ಆ ಒಂದು ಪರೀಕ್ಷೆಯಿಂದಲೇ ಮಕ್ಕಳನ್ನು ಆರಿಸುವ ನಗರದ ಹೆಸರಾಂತ ಪ್ರೌಢಶಾಲೆಯನ್ನು ಕಳೆದುಕೊಂಡಳೆಂದು ಬರೆದಿದ್ದೀಯೆ. ಆಯ್ಕೆಯಾದ ನೂರಾರು ಮಕ್ಕಳಲ್ಲಿ ಕಪ್ಪು ಮಕ್ಕಳನ್ನು ಬೆರಳು ಮಡಿಸಿ ಎಣಿಸಬಹುದೆಂಬ ಪತ್ರಿಕಾ ವರದಿಯನ್ನೂ ಕತ್ತರಿಸಿ ಕಳುಹಿಸಿದ್ದೀಯೆ. ಅದರ ಅಂಚಿನಲ್ಲಿ ನಿನ್ನ ಪ್ರಶ್ನೆ: “ಸರ್, ನಮ್ಮ ಮಕ್ಕಳಲ್ಲೇ ಏನಾದ್ರೂ ಕಮ್ಮಿ ಇದೆಯಾ? ನೀವಾದ್ರೂ ನಿಜ ಹೇಳಿ.”

ಇಲ್ಲ. ಕಮ್ಮಿಯಿದ್ದದ್ದು ಅವರಿಗೆ ಹೇಳಿಕೊಟ್ಟದ್ದರಲ್ಲಿ.

ನೈಲಾ ಹದಿನಾಲ್ಕು ಪ್ರಶ್ನೆಗಳನ್ನು ಖಾಲಿ ಬಿಟ್ಟು ಬಂದದ್ದನ್ನು ನೀನು ಹೆಮ್ಮೆಯಿಂದಲೇ ತಿಳಿಸಿದ್ದೀಯೆ. “ಗೊತ್ತಿಲ್ಲದ್ದನ್ನ ಗೊತ್ತಿರೋ ಹಾಗೆ ತುಂಬಿದ್ರೆ ಸುಳ್ಳಲ್ವಾ ಅಮ್ಮಾ? ನಿಮ್ ಸರ್ ಹೇಳ್ಕೊಟ್ಟಿದ್ದು ಅದೇ ತಾನೆ?” ಎಂದಳಂತೆ. ಅದೇ. ೧೯೯೪ರಲ್ಲಿ ನಿನಗೂ ಅದನ್ನೇ ಹೇಳಿಕೊಟ್ಟೆ. ನೀನು ಉತ್ತರದ ಹಾಳೆಯಲ್ಲಿ ಹನ್ನೊಂದು ಪ್ರಶ್ನೆಗಳ ವೃತ್ತಗಳನ್ನು ತುಂಬದೆ ಬಿಟ್ಟೆ. ಎರಡು ಅಂಕಗಳಿಂದ ಸೋತೆ.

ಆ ಪಾಠದ ಮೂಲವನ್ನು ಈಗ ಹೇಳುತ್ತೇನೆ. ನೀನು ನನ್ನ ತರಗತಿಗೆ ಬರುವುದಕ್ಕೆ ಮುಂಚಿನ ವರ್ಷ ನಮ್ಮ ಕಪ್ಪು ಹುಡುಗನೊಬ್ಬ ಅದೇ ಪರೀಕ್ಷೆಯಲ್ಲಿ ಗೆದ್ದಿದ್ದ. ಶಿಕ್ಷಕರ ಕೋಣೆಯಲ್ಲಿ ಬಿಳಿಯ ಸಹೋದ್ಯೋಗಿಯೊಬ್ಬ, “ಏನಪ್ಪಾ ಸೆಲ್ವಿನ್, ನಿಮ್ಮೋನು ಕಣ್ಮುಚ್ಕೊಂಡು ಗುರುತು ಹಾಕ್ಬಿಟ್ನಾ? ಲಾಟರಿ ಟಿಕೆಟ್ಟೂ ಅವನ ಕೈಲೇ ತಗೋ” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಮಕ್ಕಳು ಅದೃಷ್ಟದಿಂದ ಗೆದ್ದರೆಂದು ಇನ್ನೆಂದೂ ಯಾರೂ ಅನ್ನಬಾರದೆಂದು ಅಂದೇ ನಿಶ್ಚಯಿಸಿದೆ. ಗೊತ್ತಿಲ್ಲದ ಪ್ರಶ್ನೆಯನ್ನು ಖಾಲಿ ಬಿಡುವುದು ನನ್ನ ತರಗತಿಯ ಕಟ್ಟಳೆಯಾಯಿತು. ಬಳಿಕ ಅದೃಷ್ಟದ ಮಾತನ್ನು ಯಾರೂ ಎತ್ತಲಿಲ್ಲ, ಗೆದ್ದವರೇ ಇರಲಿಲ್ಲ.

ಆ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ರೊಶೆಲ್. ಕುರುಡಾಗಿ ತುಂಬಿದ ನಾಲ್ಕರಲ್ಲಿ ಒಂದಾದರೂ ಸರಿಹೋಗುವ ಸಂಭವವಿದೆ. ಖಾಲಿ ಬಿಟ್ಟದ್ದಕ್ಕೆ ಏನೂ ಇಲ್ಲ.

ಈಗ ಒಂಬತ್ತನೆಯ ತರಗತಿಯಲ್ಲಿರುವ ನೈಲಾ ನವೆಂಬರಿನಲ್ಲಿ ಮತ್ತೊಮ್ಮೆ ಬರೆಯಬಹುದು. ಅದೇ ಕೊನೆಯ ಅವಕಾಶ. ಹತ್ತನೆಯ ತರಗತಿಗೆ ಸೇರಲು ಇರುವ ಸೀಟುಗಳು ತೀರ ಕಡಿಮೆ, ಆದುದರಿಂದ ಗೆಲ್ಲುವಳೆಂದು ಮಾತು ಕೊಡಲಾರೆ. ಒಂದು ವೃತ್ತವನ್ನೂ ಬಿಡದೆ ತುಂಬುವಂತೆ ಹೇಳು. ನಿನ್ನ ಮಾತನ್ನು ಅವಳು ನಂಬಲಾರಳು. ಈ ಪತ್ರವನ್ನು ಅವಳ ಕೈಗೆ ಕೊಡು.

ನಿನ್ನ ಹಳೆಯ ಶಿಕ್ಷಕ,
ಸೆಲ್ವಿನ್ ಬ್ರಾತ್‌ವೇಟ್

ಮರೆತು ಬಿಟ್ಟದ್ದಲ್ಲ, ಬರೆಯಲು ಹೆದರಿದ್ದು: ತಪ್ಪಿಗೆ ಅಂಕ ಕಳೆಯದ ಈ ನಿಯಮ ನನಗೆ ತಡವಾಗಿ ತಿಳಿಯಿತೆಂದು ನೀನು ಭಾವಿಸಬಹುದು. ೧೯೯೪ರಲ್ಲಿ ಪ್ರತಿ ಭಾನುವಾರ ನಾನು ಚೀನೀಯರು ಹೆಚ್ಚಾಗಿರುವ ಫ್ಲಶಿಂಗ್ ಬಡಾವಣೆಯ ಲಾಂಡ್ರಿಯೊಂದರ ಮೇಲ್ಮಹಡಿಯಲ್ಲಿ ಇದೇ ಪರೀಕ್ಷೆಗೆ ಪಾಠ ಹೇಳುತ್ತಿದ್ದೆ. ಹೊಲಿಗೆ ಕಾರ್ಖಾನೆಯಲ್ಲಿ ದುಡಿಯುವ ಚೀನೀ ತಾಯಂದಿರ ಮಕ್ಕಳು, ನಮ್ಮಷ್ಟೇ ಬಡವರು. “ಒಂದನ್ನೂ ಖಾಲಿ ಬಿಡ್ಬೇಡಿ ಮಕ್ಳೇ” ಎಂದು ಮೊದಲ ದಿನವೇ ಅವರಿಗೆ ಹೇಳಿದ್ದೆ. ಸೋಮವಾರ ಬೆಳಿಗ್ಗೆ ನಿನ್ನ ತರಗತಿಗೆ ಬರುತ್ತಿದ್ದೆ. ಈ ಹಾಳೆಯನ್ನೂ ಅವಳಿಗೆ ಕೊಡು.